ಮಿನಂಗ್‌ಕಬೌ ನಾಡಿನ ಮನೆ ಮತ್ತು ಗದ್ದೆ

ಸುಮಾತ್ರಾ ದ್ವೀಪದ ಪಶ್ಚಿಮ ತೀರದಲ್ಲಿ ಪಡಾಂಗ್ ಎಂಬ ರೇವುಪಟ್ಟಣವುಂಟು. ಅಲ್ಲಿಂದ ಬುಕಿಟ್ ಬಾರಿಸಾನ್ ಪರ್ವತಶ್ರೇಣಿಯನ್ನು ಹತ್ತಿ ಒಳನಾಡಿಗೆ ಹೋದರೆ ಮರಾಪಿ ಮೊದಲಾದ ಅಗ್ನಿಪರ್ವತಗಳು ಕಾಣುತ್ತವೆ. ಅವುಗಳ ಬುಡದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಬತ್ತದ ಗದ್ದೆಗಳೂ, ತೋಟಗಳ ಮರೆಯಲ್ಲಿ ನಿಂತ ಹಳ್ಳಿಗಳೂ ಇವೆ. ಇದೇ ಮಿನಂಗ್‌ಕಬೌ ಜನರ ಮೂಲಸ್ಥಾನ. ಈ ಜನರು ಇಸ್ಲಾಂ ಮತದಲ್ಲಿ ದೃಢವಾದ ನಿಷ್ಠೆಯುಳ್ಳವರು. ಮಗಳ ಎರಡರಷ್ಟು ಪಾಲು ಮಗನಿಗೆಂದು ಅವರ ಧರ್ಮಶಾಸ್ತ್ರವು ವಿಧಿಸುತ್ತದೆ. ಹೀಗಿದ್ದೂ ಇಲ್ಲಿ ಪಿತ್ರಾರ್ಜಿತವೆಂಬುದರ ಸ್ಥಾನದಲ್ಲಿ ಮಾತ್ರಾರ್ಜಿತವಿದೆ. ಮನೆಯೂ ಗದ್ದೆಯೂ ತಾಯಿಯಿಂದ ಮಗಳಿಗೆ ಸಲ್ಲುತ್ತವೆ. ಈ ಕಟ್ಟಳೆ ಇಷ್ಟು ಕಾಲ ಹೇಗೆ ಉಳಿದುಬಂತು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಅವರ ಗ್ರಾಮಕ್ಕೆ 'ನಗರಿ' ಎಂದು ಹೆಸರು. ಪದವು ಸಂಸ್ಕೃತದ್ದು, ಆದರೆ ಅದು ಸೂಚಿಸುವುದು ಪಟ್ಟಣವನ್ನಲ್ಲ, ಬೇಸಾಯಗಾರರ ಸ್ವಯಮಾಡಳಿತದ ಊರನ್ನು. ಕಾಡು ಕಡಿದು ಹಾಕಿದ ಒಂದೆರಡು ಗುಡಿಸಲುಗಳು ಬೆಳೆದು ಹಟ್ಟಿಯಾಗಿ, ಹಟ್ಟಿಯು ಬೆಳೆದು ಕೊನೆಗೆ ನಗರಿಯಾಗುತ್ತದೆ. ನಗರಿಯೆನಿಸಿಕೊಳ್ಳಬೇಕಾದರೆ ಅಲ್ಲಿ ಕನಿಷ್ಠಪಕ್ಷ ನಾಲ್ಕು ಕುಲಗಳಿರಬೇಕು. ಮಸೀದಿ, ಸಭಾಮಂಟಪ, ದಾರಿ, ಸ್ನಾನಘಟ್ಟಗಳಿರಬೇಕು. ಪ್ರತಿಯೊಂದು ಕುಲಕ್ಕೂ 'ಪಂಗುಲು' ಎಂಬ ಮುಖ್ಯಸ್ಥನುಂಟು. ಊರಿನ ವ್ಯವಹಾರವು ಈ ಮುಖ್ಯಸ್ಥರು ಕೂಡಿ ಮಾತನಾಡಿ ಒಮ್ಮತಕ್ಕೆ ಬಂದ ಮೇಲೆಯೇ ನಡೆಯತಕ್ಕದ್ದು.

ಊರಿನ ನಡುವೆ 'ರೂಮಾ ಗದಾಂಗ್', ಅರ್ಥಾತ್ ದೊಡ್ಡ ಮನೆ, ಕಾಣುತ್ತದೆ. ಕಂಬಗಳ ಮೇಲೆ ಎತ್ತರವಾಗಿ ನಿಂತ ಮರದ ಮನೆ. ಅದರ ಮಾಡು ಎರಡು ಕೊನೆಗಳಲ್ಲಿಯೂ ಕೋಣನ ಕೊಂಬಿನಂತೆ ಮೇಲಕ್ಕೆ ಬಾಗಿರುತ್ತದೆ. ಮುಂದೆ ಉದ್ದವಾದ ಹಜಾರ, ಹಿಂದೆ ಸಾಲುಕೋಣೆಗಳು. ಮದುವೆಯಾದ ಹೆಣ್ಣುಮಗಳಿಗೆ ಒಂದೊಂದು ಕೋಣೆ. ಗಂಡನು ರಾತ್ರಿ ಆ ಕೋಣೆಗೆ ಬಂದು, ಬೆಳಗಾದರೆ ತನ್ನ ತಾಯಿಯ ಮನೆಯ ಗದ್ದೆಗೆ ಕೆಲಸಕ್ಕೆ ಹೋಗುವುದು ಹಿಂದಿನ ವಾಡಿಕೆ. ಹೆಂಡತಿಯ ಮನೆಯಲ್ಲಿ ಅವನು ಸುಟ್ಟ ಮರದ ಬೊಡ್ಡೆಯ ಮೇಲಿನ ಬೂದಿಯಂತೆ, ಗಾಳಿ ಬೀಸಿದರೆ ಹಾರಿಹೋಗುವವನು, ಎಂದು ಅವರಲ್ಲಿ ಒಂದು ಗಾದೆಯುಂಟು. ಪ್ರಾಯಕ್ಕೆ ಬಂದ ಹುಡುಗರಿಗೆ ತಾಯಿಯ ಮನೆಯಲ್ಲಿ ಕೋಣೆಯಿಲ್ಲ. ಅವರು ಪ್ರಾರ್ಥನಾಮಂದಿರದಲ್ಲಿ ಮಲಗಿ, ಅಲ್ಲಿಯೇ ಓದು ಕಲಿತು, ಮುಂದೆ ವ್ಯಾಪಾರಕ್ಕೋ ವಿದ್ಯೆಗೋ ಪರಸ್ಥಳಕ್ಕೆ ಹೊರಡುತ್ತಿದ್ದರು. ಈ ದೇಶಾಂತರಗಮನಕ್ಕೆ 'ಮೆರಂತೌ' ಎಂದು ಹೆಸರು.

ಮನೆಯ ಮುಂದೆ ಬತ್ತದ ಕಣಜಗಳು ನಿಂತಿರುತ್ತವೆ. ಬೆಟ್ಟದ ತೊರೆಯನ್ನು ಕಾಲುವೆಗೆ ತಿರುಗಿಸಿ, ಅದು ಸಾಲದ ಎಡೆಯಲ್ಲಿ ಬಿದಿರಿನ ನೀರುಚಕ್ರದಿಂದ ನೀರನ್ನೆತ್ತಿ ಗದ್ದೆಗೆ ಹಾಯಿಸುವರು. ಕೋಣ ಕಟ್ಟಿ ಉಳುವುದು ಗಂಡಸರ ಕೆಲಸ. ನಾಟಿಯಲ್ಲಿ ಹೆಂಗಸರದೇ ಮೇಲುಗೈ. ಗದ್ದೆಯು ವಂಶದ್ದು, ಅದರ ಫಲ ಆ ಮನೆಯ ಹೆಣ್ಣುಮಕ್ಕಳಿಗೂ ಅವರ ಮಕ್ಕಳಿಗೂ ಸೇರಿದ್ದು. ತಾಯಿಯ ಸೋದರನಾದ 'ಮಾಮಕ್' ಅದನ್ನು ನೋಡಿಕೊಳ್ಳುವವನೇ ಹೊರತು ಒಡೆಯನಲ್ಲ. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಾಗಿ ತೋರಲಾರದು.

ಈ ನೆಲವನ್ನು ಮಾರಕೂಡದು. ಅಡವಿಡುವುದಕ್ಕೂ ನಾಲ್ಕೇ ಕಾರಣಗಳನ್ನು ಸಂಪ್ರದಾಯವು ಒಪ್ಪುತ್ತದೆ: ಮನೆಯಲ್ಲಿ ಹೆಣ ಬಿದ್ದಿದ್ದು ಸಂಸ್ಕಾರಕ್ಕೆ ಹಣವಿಲ್ಲದಾಗ, ವಯಸ್ಸಿಗೆ ಬಂದ ಹುಡುಗಿಗೆ ಮದುವೆಯಾಗದಾಗ, ದೊಡ್ಡ ಮನೆಯ ಮಾಡು ಸೋರುವಾಗ, ಕುಲದ ಮುಖ್ಯಸ್ಥನ ಬಿರುದನ್ನು ಮತ್ತೆ ಎತ್ತಿನಿಲ್ಲಿಸಬೇಕಾದಾಗ. ಅಡವಿಟ್ಟುದನ್ನು ಎಷ್ಟು ಕಾಲದ ಮೇಲಾದರೂ ಬಿಡಿಸಿಕೊಳ್ಳಬಹುದು. ಹೀಗೆ, ಗಂಡ ಬಿಟ್ಟವಳಿಗೂ ಗಂಡ ಸತ್ತವಳಿಗೂ ಉಣ್ಣಲು ಗದ್ದೆ, ಮಲಗಲು ಕೋಣೆ ತಪ್ಪುತ್ತಿರಲಿಲ್ಲ.

ಇನ್ನು ಚರಿತ್ರೆಗೆ ಬರೋಣ. 14ನೆಯ ಶತಮಾನದಲ್ಲಿ ಇಲ್ಲಿ ಆದಿತ್ಯವರ್ಮನೆಂಬ ಬೌದ್ಧರಾಜನು ಆಳಿದನು. ಸುರುವಾಸೊ ಗ್ರಾಮದ ಬಳಿ ಅವನು ಪೂರ್ಣಗೊಳಿಸಿದ ನೀರುಕಾಲುವೆಯ ಶಾಸನವಿದೆ. ಅದರ ಒಂದು ಭಾಗ ದಕ್ಷಿಣಭಾರತದ ಗ್ರಂಥಲಿಪಿಯಲ್ಲಿದೆ. ಈ ಗದ್ದೆಗಳ ನೀರಾವರಿ ಎಷ್ಟು ಹಳೆಯದೆಂಬುದಕ್ಕೆ ಇದೇ ಸಾಕ್ಷಿ. ಮುಂದೆ ಇಸ್ಲಾಂ ಬಂದಿತು. 1803ರ ಸುಮಾರಿಗೆ ಮಕ್ಕಾದಿಂದ ಹಿಂದಿರುಗಿದ ಮೂವರು ಹಾಜಿಗಳು ಕೋಳಿಯಂಕ, ಜೂಜು, ಮದ್ಯಗಳನ್ನೂ, ಧರ್ಮವಿರುದ್ಧವೆಂದು ತಮಗೆ ತೋರಿದ ಹಳೆಯ ಆಚಾರಗಳನ್ನೂ ಖಂಡಿಸಿದರು. ಇದೇ ಪಾದ್ರಿ ಚಳುವಳಿ. ಅಂತಃಕಲಹದಲ್ಲಿ ರಾಜಮನೆತನದ ಬಹುಮಂದಿ ಹತರಾದರು. ಸಂಪ್ರದಾಯಪಕ್ಷದವರು 1821ರಲ್ಲಿ ಡಚ್ಚರ ಮರೆಹೊಕ್ಕರು. 1837ರಲ್ಲಿ ಬೊಂಜೊಲ್ ಕೋಟೆ ಬಿದ್ದಿತು. ಅದರ ನಾಯಕ ಇಮಾಮ್ ಬೊಂಜೊಲ್ ಸೆರೆಯಾಗಿ ಗಡಿಪಾರಾದನು. ಆದರೆ ಯುದ್ಧ ಮುಗಿಯುವ ವೇಳೆಗೆ ಆಚಾರವು ಶರೀಯತ್ತನ್ನೂ ಶರೀಯತ್ತು ಕುರಾನನ್ನೂ ಆಧರಿಸಿ ನಿಲ್ಲತಕ್ಕದ್ದೆಂಬ ಸಂಧಾನವು ಜನರ ಮನಸ್ಸಿನಲ್ಲಿ ಬೇರೂರತೊಡಗಿತ್ತು. ಮಾತೃವಂಶದ ಗದ್ದೆಗಳು ಇದ್ದಲ್ಲಿಯೇ ಉಳಿದವು.

ಸಹಾಯಕ್ಕೆಂದು ಬಂದ ಡಚ್ಚರು ಒಡೆಯರಾಗಿ ನಿಂತರು. 1847ರಿಂದ ಬೇಸಾಯಗಾರರು ಕಾಫಿ ಬೆಳೆದು, ಸರ್ಕಾರ ಗೊತ್ತುಮಾಡಿದ ಬೆಲೆಗೆ ಅದರ ಉಗ್ರಾಣಕ್ಕೇ ಒಪ್ಪಿಸಬೇಕಾಯಿತು. ಬೀಜವನ್ನು ಒಪ್ಪಿಸಿದವರು ಕಾಫಿಯ ಎಲೆಯನ್ನು ಕಾಸಿ ಕುಡಿದರೆಂದು ಜನ ಇಂದಿಗೂ ಹೇಳುವರು. 1874ರಲ್ಲಿ, ಯಾರೂ ಹಕ್ಕನ್ನು ಸ್ಥಾಪಿಸಲಾರದ ನೆಲವೆಲ್ಲ ಸರ್ಕಾರದ್ದೆಂಬ ಘೋಷಣೆಯು ಸುಮಾತ್ರಾಕ್ಕೂ ವಿಸ್ತರಿಸಿತು. ಕುಲಗಳು ಮೊಮ್ಮಕ್ಕಳಿಗೆಂದು ಕಾದಿರಿಸಿದ್ದ ಕಾಡುಬೆಟ್ಟಗಳು ಹೀಗೆ ಕಾಗದದ ಮೇಲೆ ಪಾಳುಭೂಮಿಗಳಾದವು. 1908ರಲ್ಲಿ ಕಾಫಿಯ ಬಲವಂತ ತಪ್ಪಿ ಹಣದ ತೆರಿಗೆ ಬಂದಾಗ ಕಾಮಾಂಗ್, ಮಂಗೊಪೊಃ ಊರುಗಳಲ್ಲಿ ರೈತರು ದಂಗೆಯೆದ್ದರು. ದಂಗೆಯನ್ನು ಬಂದೂಕಿನಿಂದ ಅಡಗಿಸಲಾಯಿತು.

ಧರ್ಮಶಾಸ್ತ್ರದ ಪ್ರಶ್ನೆಯು ಮಾತ್ರ ಉಳಿದೇ ಇತ್ತು. ಮಕ್ಕಾದಲ್ಲಿ ನೆಲಸಿದ್ದ ಮಿನಂಗ್‌ಕಬೌ ವಿದ್ವಾಂಸ ಅಹ್ಮದ್ ಖತೀಬನು ಈ ದಾಯಪದ್ಧತಿಯನ್ನು ಅಧರ್ಮವೆಂದು ತೀಕ್ಷ್ಣವಾಗಿ ಖಂಡಿಸಿದನು. ಕಡೆಗೆ 1952ರಲ್ಲಿ ಬುಕಿಟ್ಟಿಂಗಿಯಲ್ಲಿ ಕುಲಮುಖ್ಯರೂ ಧರ್ಮಪಂಡಿತರೂ ವಿದ್ಯಾವಂತರೂ ಸಭೆಸೇರಿ ಒಂದು ತೀರ್ಮಾನಕ್ಕೆ ಬಂದರು. ತಲೆತಲಾಂತರದ ನೆಲವು ಆಚಾರದಂತೆ ತಾಯಿಯ ವಂಶಕ್ಕೆ. ಒಬ್ಬನು ಸ್ವಂತ ದುಡಿಮೆಯಿಂದ ಗಳಿಸಿದ್ದು ಧರ್ಮಶಾಸ್ತ್ರದಂತೆ ಅವನ ಮಕ್ಕಳಿಗೆ. ಪರಸ್ಥಳದಲ್ಲಿ ದುಡಿದ ತಂದೆಗೂ, ಊರಿನಲ್ಲಿ ಗದ್ದೆ ಹಿಡಿದ ತಾಯಿಗೂ ಇದರಲ್ಲಿ ನ್ಯಾಯ ದೊರಕಿತು.

ಆದರೆ ಕಷ್ಟ ಅಲ್ಲಿಗೇ ತೀರಲಿಲ್ಲ. 1979ರ ಗ್ರಾಮಶಾಸನದಂತೆ 1983ರಲ್ಲಿ 500ಕ್ಕೂ ಮಿಕ್ಕ ನಗರಿಗಳನ್ನು ಒಡೆದು 3,000ಕ್ಕೂ ಹೆಚ್ಚು ಸಣ್ಣ ಗ್ರಾಮಗಳನ್ನು ಮಾಡಿದರು. ಗ್ರಾಮಕ್ಕಿಷ್ಟೆಂದು ಸರ್ಕಾರದ ಧನಸಹಾಯ ಬರುತ್ತಿದ್ದುದರಿಂದ ಒಡೆದಷ್ಟೂ ಲಾಭವೆನಿಸಿತು. ಒಮ್ಮತದ ಸಭೆಗಳು ಬಲಗುಂದಿದವು. ಕುಲದ ಭೂಮಿಯನ್ನು ಕಾಯುವವರು ಯಾರೆಂಬುದೇ ತೊಡಕಾಯಿತು. 2000ದಲ್ಲಿ ಪ್ರಾಂತದ ನಿಯಮವೊಂದು ನಗರಿಯನ್ನು ಮರಳಿ ಸ್ಥಾಪಿಸಿತು. ಹೊರಗೆ ಹೋದ ಕಾಡು ಮಾತ್ರ ಅಷ್ಟು ಸುಲಭವಾಗಿ ಮರಳಲಿಲ್ಲ.

ನಮ್ಮಲ್ಲಿ ಅಳಿಯಸಂತಾನದ ಕುಟುಂಬಗಳಿಗೆ 1949ರ ಮದರಾಸು ಶಾಸನವು ಪಾಲಾಗುವ ಹಕ್ಕನ್ನು ಕೊಟ್ಟಿತು. ಅದರಿಂದ ವ್ಯಕ್ತಿಗೆ ಸ್ವಾತಂತ್ರ್ಯ ಬಂತು, ಕೂಡುಮನೆ ಕರಗಿತು. ಮಿನಂಗ್‌ಕಬೌ ಜನರು ಬೇರೆ ದಾರಿ ಹಿಡಿದರು. ಅದರಲ್ಲಿಯೂ ತೊಂದರೆಗಳಿಲ್ಲದಿಲ್ಲ: ಪಾಲಿಲ್ಲದ ಗದ್ದೆಯ ವ್ಯಾಜ್ಯಗಳು ಬಹುಕಾಲ ಎಳೆಯುತ್ತವೆ, ಮಾಮಕನು ಲೋಭಿಯಾದರೆ ಅಕ್ಕತಂಗಿಯರ ಮಕ್ಕಳಿಗೆ ಅನ್ಯಾಯವಾಗುತ್ತದೆ. ಆದರೂ 2024ರ ಮೇ ತಿಂಗಳಲ್ಲಿ ಮರಾಪಿಯ ಬೂದಿಯೂ ಬಂಡೆಗಳೂ ಮಳೆನೀರಿನೊಡನೆ ಹರಿದು ಬಂದು, ಅರವತ್ತಕ್ಕೂ ಮಿಕ್ಕ ಜನರು ಸತ್ತು, ಗದ್ದೆಗಳು ಕೆಸರಿನಲ್ಲಿ ಹೂತುಹೋದಾಗ, ಆ ನೆಲ ಯಾರದೆಂಬುದರ ಬೆಲೆ ಎಲ್ಲರಿಗೂ ಕಂಡಿರಬೇಕು. ಆಪತ್ಕಾಲದಲ್ಲಿ ಒಬ್ಬನು ಮಾರಿಬಿಡಲಾಗದ ಗದ್ದೆಯೇ ಮುಂದಿನವರಿಗೆ ಉಳಿಯುವ ಗದ್ದೆ. ಆ ಜನರು ತಮ್ಮ ಕಟ್ಟಳೆಯನ್ನು ಇಷ್ಟು ಕಾಲ ಕೈಬಿಡದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಎಣಿಕೆ.