ಓದುವವನಿಗೆ ಒಂದು ವೀಸಾ, ಮನೆಯವರಿಗೆ ಇನ್ನೊಂದು

ವಿಮಾನಪುರದ ಹಳೆಯ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳ ನಿತ್ಯ ಓಡಾಟ ನಿಂತದ್ದು 2008ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕಕ್ಕೆ ಓದಲು ಹೊರಟ ಮಕ್ಕಳನ್ನು ಬೆಂಗಳೂರಿನ ಅದೆಷ್ಟೋ ಕುಟುಂಬಗಳು ಬೀಳ್ಕೊಟ್ಟದ್ದು ಇಲ್ಲಿಯೇ. ಹೊರಟವನು ಒಬ್ಬ, ಕಳಿಸಲು ಬಂದವರು ಹತ್ತು ಮಂದಿ. ಆ ಹತ್ತು ಮಂದಿಯಲ್ಲಿ ಮುಂದೆ ಯಾರು ಅವನ ಬಳಿಗೆ ಹೋಗಿ ನೆಲೆಸಬಹುದು ಎಂಬುದು ಮಾತ್ರ ವಾಷಿಂಗ್ಟನ್ನಿನ ಕಾನೂನಿನಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು.

ವಿಮಾನಪುರಕ್ಕೂ ಈ ಓದಿನ ಯಾತ್ರೆಗೂ ಹಳೆಯ ನಂಟು. 1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಇಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಆ ಕಾರ್ಖಾನೆಯಲ್ಲಿ ಕೆಲಕಾಲ ದುಡಿದು ಅಮೆರಿಕಕ್ಕೆ ಹೋದ ತರುಣರಲ್ಲಿ ಸತೀಶ್ ಧವನ್ ಒಬ್ಬರು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಓದಿ, ಕ್ಯಾಲ್ಟೆಕ್‌ನಲ್ಲಿ 1951ರಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿಗೇ ಮರಳಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು.

ಧವನ್ ಹೋದ ಕಾಲದ ಅಮೆರಿಕ ಭಾರತೀಯರಿಗೆ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. 1917ರ ಕಾನೂನು ಏಷ್ಯದ ಬಹುಭಾಗವನ್ನು ನಿಷಿದ್ಧ ವಲಯವೆಂದು ಗುರುತಿಸಿತ್ತು, ಭಾರತವೂ ಅದರೊಳಗಿತ್ತು. 1946ರ ಜುಲೈನಲ್ಲಿ ನಿಷೇಧ ಸಡಿಲವಾದಾಗಲೂ ವಲಸೆಗೆಂದು ಭಾರತೀಯರಿಗೆ ಸಿಕ್ಕ ಪಾಲು ವರ್ಷಕ್ಕೆ 100 ಮಂದಿ. ಇಡೀ ದೇಶಕ್ಕೆ ನೂರೇ! ವಿದ್ಯಾರ್ಥಿಗಳು ಮಾತ್ರ ಈ ಲೆಕ್ಕದ ಹೊರಗಿದ್ದರು.

ಅವರನ್ನು ಹೊರಗಿಟ್ಟದ್ದು 1924ರ ವಲಸೆ ಕಾನೂನು. ಅದರ ನಾಲ್ಕನೆಯ ವಿಧಿಯನ್ನು ಓದಿದರೆ ಒಂದು ತಾರತಮ್ಯ ಕಣ್ಣಿಗೆ ಬೀಳುತ್ತದೆ. ಪ್ರಾಧ್ಯಾಪಕ ಅಥವಾ ಪಾದ್ರಿ ಬಂದರೆ ಹೆಂಡತಿಯೂ ಹದಿನೆಂಟು ತುಂಬದ ಅವಿವಾಹಿತ ಮಕ್ಕಳೂ ಜೊತೆಯಲ್ಲಿ ಬರಬಹುದು. ಮುಂದಿನ ಸಾಲಿನಲ್ಲೇ ಇರುವ ವಿದ್ಯಾರ್ಥಿಗೆ ಹದಿನೈದು ತುಂಬಿರಬೇಕು, ಅವನು ಓದುವುದಕ್ಕಾಗಿ ಮಾತ್ರ ಬರಬೇಕು. ಹೆಂಡತಿ ಮಕ್ಕಳ ಮಾತೇ ಇಲ್ಲ. ಕಲಿಸುವವನಿಗೆ ಸಂಸಾರ ಉಂಟು, ಕಲಿಯುವವನಿಗೆ ಇಲ್ಲ ಎಂದಾಯಿತು. ಬ್ರಹ್ಮಚರ್ಯಾಶ್ರಮದ ನಿಯಮವನ್ನು ಅಮೆರಿಕದ ಸಂಸತ್ತು ಬರೆದಂತಿದೆ! ವಿದ್ಯಾರ್ಥಿ ತರಗತಿ ಬಿಟ್ಟರೆ ಸರಕಾರಕ್ಕೆ ವರದಿ ಮಾಡುವ ಹೊಣೆಯೂ ಆಗಲೇ ಕಾಲೇಜಿನ ಮೇಲಿತ್ತು. 2003ರಿಂದ ಅದೇ ಕೆಲಸ ಕಂಪ್ಯೂಟರಿನಲ್ಲಿ ನಡೆಯುತ್ತಿದೆ, ಅಷ್ಟೆ.

ವಿದ್ಯಾರ್ಥಿಗೆ 'ಎಫ್' ಎಂಬ ಅಕ್ಷರ ಬಂದದ್ದು 1952ರ ಕಾನೂನಿನಿಂದ. ಅವನ ಹೆಂಡತಿ ಮಕ್ಕಳಿಗೆ ಅದರೊಳಗೆ ಜಾಗ ಸಿಗಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. 1961ರ ಶೈಕ್ಷಣಿಕ ವಿನಿಮಯ ಶಾಸನ ಅವರನ್ನೂ ಸೇರಿಸಿತು. ಎಫ್-2 ಎಂದು ಕರೆಯುವುದು ಇದನ್ನೇ. ಗಂಡನೋ ಹೆಂಡತಿಯೋ, ಇಪ್ಪತ್ತೊಂದು ತುಂಬದ ಅವಿವಾಹಿತ ಮಕ್ಕಳೋ ಇದರಲ್ಲಿ ಹೋಗಬಹುದು. ಮಕ್ಕಳು ಅಲ್ಲಿಯ ಶಾಲೆಗೆ ಸೇರಬಹುದು. ಆದರೆ ಎಫ್-2ರಲ್ಲಿ ಇರುವವರು ಸಂಬಳಕ್ಕೆ ದುಡಿಯುವಂತಿಲ್ಲ. ವಿದ್ಯಾರ್ಥಿಯ ಓದು ನಿಂತರೆ ಇವರ ವಾಸವೂ ಮುಗಿಯಿತು. ಇಲ್ಲಿ ಒಳ್ಳೆಯ ನೌಕರಿಯಲ್ಲಿದ್ದ ಎಂಜಿನಿಯರ್ ಹುಡುಗಿ ಗಂಡನ ಓದಿಗಾಗಿ ಅಲ್ಲಿಗೆ ಹೋದರೆ ಅಡುಗೆಮನೆಗಷ್ಟೇ ಸೀಮಿತಳಾಗುವುದು ಈ ನಿಯಮದಿಂದಲೇ. ವಿನಿಮಯ ಯೋಜನೆಯ ಜೆ-1 ವೀಸಾದವರ ಸಂಗಾತಿಗಾದರೆ ಅನುಮತಿ ಪಡೆದು ದುಡಿಯುವ ಅವಕಾಶವಿದೆ.

ಇನ್ನು ತಂದೆತಾಯಿ? ಈ ಕಾನೂನಿನ ಲೆಕ್ಕದಲ್ಲಿ ಅವರು ವಿದ್ಯಾರ್ಥಿಯ ಕುಟುಂಬವೇ ಅಲ್ಲ. ಮೊಮ್ಮಗುವಿನ ಬಾಣಂತನಕ್ಕೆ ಹೋಗುವ ಅಜ್ಜಿಯೂ ಪ್ರವಾಸಿಯಾಗಿಯೇ ಹೋಗಬೇಕು.

ಇದಕ್ಕಿಂತ ಕಠಿಣವಾದದ್ದು 1952ರ ಕಾನೂನಿನ ಇನ್ನೊಂದು ನಿಯಮ. ವಿದ್ಯಾರ್ಥಿ ವೀಸಾ ಕೇಳುವವನನ್ನು ಅಧಿಕಾರಿ ಮೊದಲು ವಲಸಿಗನೆಂದೇ ಭಾವಿಸಬೇಕು. ಅಲ್ಲ, ಮರಳಿ ಬರುತ್ತೇನೆ ಎಂದು ತೋರಿಸುವ ಹೊರೆ ಅರ್ಜಿದಾರನದು. ಮರಳಿ ಬರಲು ಊರಿನಲ್ಲಿ ಏನಿದೆ? ಮನೆ, ಹೆತ್ತವರು, ಹೆಂಡತಿ ಮಕ್ಕಳು. ಸಂಸಾರವನ್ನು ಕರೆದೊಯ್ಯುತ್ತೇನೆಂದರೆ ಆ ಸಾಕ್ಷಿಯ ತೂಕವೇ ಕಡಿಮೆಯಾಗುತ್ತದೆ. ಕಾನೂನು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಎಳೆದುಕೊಳ್ಳುತ್ತದೆ.

ಬ್ರಿಟನ್ ಇತ್ತೀಚೆಗೆ ಇನ್ನೂ ನೇರವಾಗಿ ಮಾತಾಡಿದೆ. 2024ರ ಜನವರಿಯಿಂದ ಅಲ್ಲಿ ಕೋರ್ಸ್ ಆರಂಭಿಸುವವರಲ್ಲಿ ಸಂಶೋಧನಾ ಪದವಿಯವರನ್ನೂ ಸರಕಾರಿ ವಿದ್ಯಾರ್ಥಿವೇತನದ ಕೆಲವರನ್ನೂ ಬಿಟ್ಟು ಉಳಿದವರು ಸಂಗಾತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಒಂದು ವರ್ಷದ ಎಂ.ಎಸ್ಸಿ.ಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ನೇರ ಹೊಡೆತ ಇದೇ. ಅಮೆರಿಕದ ಆ ಹಳೆಯ ಕಾನೂನಿಗೆ ಆಗ ಸರಿಯಾಗಿ ನೂರು ವರ್ಷ.

ಇಷ್ಟೆಲ್ಲ ನಿಯಮಗಳಿಗೆ ಉತ್ತರ ಕೊಡಲು ಬೆಂಗಳೂರಿನವರು ದಶಕಗಳ ಕಾಲ ರಾತ್ರಿಯ ರೈಲು ಹತ್ತಿ, ಮದ್ರಾಸಿನ ಜೆಮಿನಿ ವೃತ್ತದ ಕಾನ್ಸುಲೇಟ್ ಮುಂದೆ ಕಡತ ಹಿಡಿದು ಸಾಲು ನಿಂತರು. ನಮ್ಮ ಊರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿ 17ರಂದು. ವೀಸಾ ಕೊಡುವ ಕೆಲಸ ಮಾತ್ರ ಅಂದು ಆರಂಭವಾಗಲಿಲ್ಲ.