ಕಾಣದ ಕಾಯಿಲೆ ಕಾನೂನಿನ ಪಟ್ಟಿಗೆ ಬಂದ ಕಥೆ

‘ಕೈಕಾಲು ನೆಟ್ಟಗಿವೆ, ಕಣ್ಣು ಕಾಣುತ್ತೆ, ನೀನೆಂಥ ಅಂಗವಿಕಲ?’ ರಕ್ತದ ಕಾಯಿಲೆ ಇರುವವರು ಸರ್ಟಿಫಿಕೇಟ್ ಕೇಳಲು ಹೋದಾಗ ಎದುರಾಗುವ ಪ್ರಶ್ನೆ ಇದು. ಇದರ ಬೇರು ಹಳೇ ಕಾನೂನಿನಲ್ಲಿದೆ.

1995ರ ಅಂಗವಿಕಲರ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಮಾತ್ರ ಒಪ್ಪಿತ್ತು: ಅಂಧತ್ವ, ಮಂದದೃಷ್ಟಿ, ಕುಷ್ಠರೋಗ ವಾಸಿಯಾದವರ ಸ್ಥಿತಿ, ಕಿವುಡು, ಕೈಕಾಲಿನ ಊನ, ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ. ಅದರಲ್ಲೂ ವೈಕಲ್ಯ ಕನಿಷ್ಠ ಶೇ 40 ಇರಬೇಕಿತ್ತು. ಮೇಲಿಂದ ಮೇಲೆ ರಕ್ತ ಹಾಕಿಸಿಕೊಂಡೇ ಬದುಕುವ ತಲಸೇಮಿಯಾ ಮಗುವಿಗೆ ಪಟ್ಟಿಯಲ್ಲಿ ಜಾಗ ಇರಲಿಲ್ಲ. ಹಿಮೋಫಿಲಿಯಾ ಇದ್ದವರ ಕೀಲಿನೊಳಗೆ ರಕ್ತ ಸೋರಿ, ಕಾಲು ಬಗ್ಗದಂತಾದ ಮೇಲಷ್ಟೇ ‘ಕಾಲಿನ ಊನ’ ಎಂಬ ಲೆಕ್ಕಕ್ಕೆ ಬರಬಹುದಿತ್ತು. ಅಂದರೆ, ಹಾನಿಯಾಗುವ ತನಕ ಕಾಯಬೇಕು.

2007ರಲ್ಲಿ ಭಾರತವು ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದವನ್ನು ಅನುಮೋದಿಸಿತು. ಅದಕ್ಕೆ ತಕ್ಕ ಹೊಸ ಮಸೂದೆ 2014ರಲ್ಲಿ ಸಂಸತ್ತಿಗೆ ಬಂದು, 2016ರ ಡಿಸೆಂಬರ್‌ನಲ್ಲಿ ಪಾಸಾಯಿತು. 2017ರ ಏಪ್ರಿಲ್ 19ರಿಂದ ಜಾರಿಯಾದ ಈ ಕಾಯ್ದೆಯಲ್ಲಿ 7 ಇದ್ದದ್ದು 21 ಆಯಿತು. ತಲಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಪಟ್ಟಿಗೆ ಸೇರಿದವು. ಶೇಕಡಾವಾರು ಅಳೆಯುವುದು ಹೇಗೆಂಬ ಮಾರ್ಗಸೂಚಿ 2018ರ ಜನವರಿಯಲ್ಲಿ ಬಂತು.

ನಮ್ಮ ರಾಜ್ಯಕ್ಕೂ ಇದು ದೂರದ ಮಾತಲ್ಲ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸೋಲಿಗ, ಜೇನುಕುರುಬ ಹಾಡಿಗಳಲ್ಲಿ ಸಿಕಲ್ ಸೆಲ್ ಇದೆ. ನೋವು ಬಂದ ದಿನ ಕೂಲಿಗೆ ಹೋಗಲಾಗದು. ಹೊರಗೆ ನೋಡುವವರಿಗೆ ಮಾತ್ರ ಏನೂ ಕಾಣದು.

ಹಾಗಂತ ಎಲ್ಲವೂ ಸಿಕ್ಕಿತು ಅಂತಲ್ಲ. ಸರ್ಕಾರಿ ಕೆಲಸದ ಶೇ 4 ಮೀಸಲಾತಿಯ ಗುಂಪುಗಳಲ್ಲಿ ರಕ್ತದ ಕಾಯಿಲೆಗಳಿಲ್ಲ. ಉನ್ನತ ಶಿಕ್ಷಣದ ಶೇ 5 ಮೀಸಲಾತಿಗೆ ಮಾತ್ರ ಶೇ 40 ದಾಟಿದವರೆಲ್ಲ ಅರ್ಹರು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಕಿಡ್ನಿ ರೋಗಿ, ಹೃದಯದ ಕಾಯಿಲೆಯವರು, ಸಕ್ಕರೆ ಕಾಯಿಲೆಯವರು ಪಟ್ಟಿಯಿಂದ ಹೊರಗೇ ಇದ್ದಾರೆ. ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿದರೆ ಕಾಲಿನ ಲೆಕ್ಕ ಸಿಗುತ್ತದೆ, ಕಾಯಿಲೆಯದ್ದಲ್ಲ. 1995ರಲ್ಲಿ ಹಿಮೋಫಿಲಿಯಾಕ್ಕಿದ್ದ ಗತಿಯೇ ಇಂದು ಇವರದು.

ಆದರೆ 2016ರ ಕಾಯ್ದೆ ಒಂದು ಬಾಗಿಲು ತೆರೆದಿಟ್ಟಿದೆ. ಪಟ್ಟಿಗೆ ಬೇರೆ ವೈಕಲ್ಯ ಸೇರಿಸಲು ಹೊಸ ಕಾನೂನು ಬೇಕಿಲ್ಲ, ಕೇಂದ್ರ ಸರ್ಕಾರದ ಅಧಿಸೂಚನೆ ಸಾಕು. ಕಿಡ್ನಿ ರೋಗಿಗಳು ಕೇಳಬೇಕಾದದ್ದು ಅದನ್ನೇ. ಈಗಾಗಲೇ ಪಟ್ಟಿಯಲ್ಲಿ ಇರುವವರು ಆಸ್ಪತ್ರೆಯ ಹಳೇ ಚೀಟಿಗಳನ್ನೆಲ್ಲ ಜೋಪಾನ ಮಾಡಿ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ‘ನೀನೆಂಥ ಅಂಗವಿಕಲ’ ಎಂದವರಿಗೆ ಕಾಯ್ದೆಯ ಪಟ್ಟಿ ತೋರಿಸಿ.