ಹೊಲಕ್ಕೊಂದು ಹೆಸರು: ಮೋಂರಾಶೆಯಿಂದ ಕುರುಗೋಡಿಗೆ

ಬಳ್ಳಾರಿಯವರಿಗೆ ಫ್ರಾನ್ಸ್ ಎಂದರೆ ಮೊದಲು ನೆನಪಾಗುವುದು ಒಂದು ನೇಣಿನ ಕಥೆ. ಹೈದರಾಲಿ ಇಲ್ಲಿನ ಕೋಟೆಯನ್ನು ಭದ್ರಪಡಿಸಲು ಫ್ರೆಂಚ್ ಎಂಜಿನಿಯರನೊಬ್ಬನನ್ನು ನೇಮಿಸಿದ್ದನಂತೆ. ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವೆಂದು ಕೆಲಸ ಮುಗಿದ ಮೇಲೆ ಗೊತ್ತಾಗಿ ಅವನನ್ನು ಗಲ್ಲಿಗೇರಿಸಿದನಂತೆ. ಇದು ಐತಿಹ್ಯ, ದಾಖಲೆಯಲ್ಲ. ನಾನು ಹೇಳಹೊರಟಿರುವುದು ಫ್ರಾನ್ಸಿನ ಇನ್ನೊಂದು ಗುಡ್ಡದ ವಿಷಯ. ಅದರ ಹೆಸರು ಮೋಂರಾಶೆ. ‘ಬೋಳುಗುಡ್ಡ’ ಎಂದು ಅರ್ಥ ಹೇಳುತ್ತಾರೆ.

ನನ್ನ ಸಂಶೋಧನೆ ಬಳ್ಳಾರಿ ಸೀಮೆಯ ದಾನಶಾಸನಗಳ ಮೇಲೆ. ಯುರೋಪಿನ ಮಠಗಳಿಗೂ ಹೀಗೆಯೇ ಭೂದಾನ ಸಿಗುತ್ತಿತ್ತಲ್ಲ, ಆ ಭೂಮಿಗಳು ಮುಂದೆ ಏನಾದವು ಎಂದು ಓದುತ್ತಿದ್ದಾಗ ಈ ಗುಡ್ಡ ಎದುರಾಯಿತು. ಬರ್ಗಂಡಿ ಪ್ರಾಂತ್ಯದ ಪುಲಿನಿ ಮತ್ತು ಶಾಸಾಞ್ ಎಂಬ ಎರಡು ಹಳ್ಳಿಗಳ ಗಡಿಯಲ್ಲಿರುವ ಇಳಿಜಾರಿನ ದ್ರಾಕ್ಷಿಹೊಲ ಅದು. ವಿಸ್ತೀರ್ಣ ಸುಮಾರು 8 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 20 ಎಕರೆ. ಸಿರುಗುಪ್ಪದ ಕಡೆ ಒಬ್ಬ ಅನುಕೂಲಸ್ಥ ರೈತನ ಗದ್ದೆ ಇಷ್ಟಿರಬಹುದು. ಅಲ್ಲಿ ಬೆಳೆಯುವುದು ಶಾರ್ಡೊನೆ ಎಂಬ ಒಂದೇ ತಳಿ. ಅದರಿಂದ ತೆಗೆಯುವ ಬಿಳಿ ವೈನ್ ಜಗತ್ತಿನ ಅತಿ ದುಬಾರಿ ವೈನುಗಳಲ್ಲಿ ಒಂದು. ನಾನು ಕುಡಿದಿಲ್ಲ. ಒಂದು ತಿಂಗಳ ಫೆಲೋಶಿಪ್ ಪೂರ್ತಿ ಕೊಟ್ಟರೂ ಒಂದು ಬಾಟಲಿ ಬರುವುದಿಲ್ಲ.

ನನ್ನ ಕುತೂಹಲ ರುಚಿಯದ್ದಲ್ಲ, ಹೆಸರಿನದು. 13ನೇ ಶತಮಾನದಲ್ಲಿ ಶಾನಿ ಎಂಬ ಊರಿನ ಒಡೆಯರು ಈ ಗುಡ್ಡದ ನೆಲವನ್ನು ಮೆಜಿಯೇರ್ ಮಠದ ಸಿಸ್ತೇರ್ಸಿಯನ್ ಸನ್ಯಾಸಿಗಳಿಗೆ ದಾನ ಕೊಟ್ಟರು. 1789ರ ಕ್ರಾಂತಿಯ ನಂತರ ಮಠಗಳ ಭೂಮಿಯೆಲ್ಲ ಜಪ್ತಿಯಾಗಿ ಹರಾಜಾಯಿತು. ಇಂದು ಆ 20 ಎಕರೆಗೆ ಹದಿನೈದಕ್ಕೂ ಹೆಚ್ಚು ಮಾಲೀಕರಿದ್ದಾರೆ. ಕೆಲವರ ಪಾಲಿಗೆ ಬರುವುದು ಬರೀ ಕೆಲವು ಸಾಲು. ಮಠ ಹೋಯಿತು, ಒಡೆಯರು ಹೋದರು, ಹೊಲದ ಹೆಸರು ಉಳಿಯಿತು. ಕೆಳಗಿನ ದಾರಿ ದಾಟಿದರೆ ಬಟಾರ್-ಮೋಂರಾಶೆ. ಅಲ್ಲಿ ಮಣ್ಣು ದಪ್ಪ, ಜೇಡಿ ಹೆಚ್ಚು, ವೈನ್ ಬೇರೆ, ಬೆಲೆಯೂ ಕಡಿಮೆ. 1879ರಲ್ಲಿ ಪುಲಿನಿ ಹಳ್ಳಿಯೇ ತನ್ನ ಹೆಸರಿಗೆ ಹೊಲದ ಹೆಸರನ್ನು ಸೇರಿಸಿಕೊಂಡು ಪುಲಿನಿ-ಮೋಂರಾಶೆಯಾಯಿತು. ನಮ್ಮಲ್ಲಿ ಊರಿನಿಂದ ಹೊಲಕ್ಕೆ ಹೆಸರು ಬರುತ್ತದೆ, ಅಲ್ಲಿ ಹೊಲದಿಂದ ಊರಿಗೆ ಬಂತು! 1937ರಲ್ಲಿ ಆ ಗಡಿಗೆ ಕಾನೂನಿನ ಮುದ್ರೆ ಬಿತ್ತು. 2015ರಲ್ಲಿ ಯುನೆಸ್ಕೊ ಬರ್ಗಂಡಿಯ ಹೆಸರುಳ್ಳ ತುಂಡುಹೊಲಗಳನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಪಿ 1986ರಲ್ಲಿಯೇ ಆ ಪಟ್ಟಿ ಸೇರಿದೆ, ಆದರೆ ಅದು ಗುಡಿಗೋಪುರಗಳಿಗಾಗಿ.

ಈಗ ಕುರುಗೋಡಿಗೆ ಬರೋಣ. 12ನೇ ಶತಮಾನದಲ್ಲಿ ಇಲ್ಲಿ ಸಿಂದರು ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಬಲ್ಲಕುಂದೆ ನಾಡನ್ನು ಆಳುತ್ತಿದ್ದರು. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕಡೆಯ ಸಾಲುಗಳ ಗತ್ತು ಗೊತ್ತು. ನೆಲ ಎರೆಯೋ ಅಲ್ಲವೋ, ಎಷ್ಟು ಮತ್ತರು, ಯಾವ ಗಳೆಯಿಂದ ಅಳೆದದ್ದು, ಮೂಡಲು ತೆಂಕಲು ಪಡುವಲು ಬಡಗಲು ಏನೇನಿದೆ, ಎಲ್ಲಿ ಕಲ್ಲು ನೆಟ್ಟಿದೆ. ವಿದ್ವಾಂಸರು ರಾಜರ ವಂಶಾವಳಿ ಓದಿ ಈ ಭಾಗವನ್ನು ಹಾರಿಸುತ್ತಾರೆ. ನನಗೆ ಶಾಸನದ ಜೀವ ಇಲ್ಲೇ ಇದೆ ಅನ್ನಿಸುತ್ತದೆ. ಬರ್ಗಂಡಿಯ ಸನ್ಯಾಸಿಗಳಷ್ಟೇ ಸೂಕ್ಷ್ಮವಾಗಿ ನಮ್ಮವರೂ ಮಣ್ಣನ್ನು ಗುರುತಿಸುತ್ತಿದ್ದರು.

ಹಾಗಾದರೆ ನಮ್ಮ ಹೊಲಗಳ ಹೆಸರು ಎಲ್ಲಿ ಹೋದವು? 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದು, ಹೊಲಹೊಲವನ್ನೂ 33 ಅಡಿಯ ಸರಪಳಿಯಿಂದ ಅಳೆಸಿದ. 33 ಅಡಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಪಹಣಿಯಲ್ಲಿ ಇಂದಿಗೂ ಅದೇ ಲೆಕ್ಕ. ಪ್ರತಿ ಹೊಲಕ್ಕೂ ಒಂದು ನಂಬರು, ಮಣ್ಣಿನ ದರ್ಜೆಗೆ ತಕ್ಕ ಕಂದಾಯ. ಆದರೆ ತಪ್ಪನ್ನೆಲ್ಲ ಮನ್ರೋ ಮೇಲೆ ಹೊರಿಸುವುದು ಸುಲಭದ ಇತಿಹಾಸ. ಫ್ರಾನ್ಸಿನಲ್ಲೂ ನೆಪೋಲಿಯನ್ ಕಾಲದ ಸರ್ವೆ ಹೊಲಗಳಿಗೆ ನಂಬರು ಕೊಟ್ಟಿತು. ಅಲ್ಲಿ ಹೆಸರು ಉಳಿದದ್ದು ಬೆಲೆ ಹೆಸರಿನ ಮೇಲೆ ನಿಂತಿದ್ದರಿಂದ. ನಮ್ಮ ಜೋಳ, ಹತ್ತಿ ಮಾರುಕಟ್ಟೆಯಲ್ಲಿ ಒಂದೇ ರಾಶಿಗೆ ಬೀಳುತ್ತವೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿರುಗುಪ್ಪದ ಸೋನಾ ಮಸೂರಿಗೆ ಹೆಸರು ಬಂತು, ನಿಜ. ಆದರೆ ಅದು ತಳಿಯ ಹೆಸರು. ಯಾವ ಗದ್ದೆಯದು ಎಂದು ಯಾರೂ ಕೇಳುವುದಿಲ್ಲ.

ದ್ರಾಕ್ಷಿಯೂ ನಮಗೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿ ದ್ರಾಕ್ಷಿ, ಕಿತ್ತಳೆ, ದಾಳಿಂಬೆ ಧಾರಾಳವಾಗಿ, ಅಗ್ಗವಾಗಿ ಸಿಗುತ್ತಿದ್ದವು ಎಂದು ಬರೆದಿದ್ದಾನೆ. ಈಗ ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಮಾ ಎಸ್ಟೇಟ್ಸ್ ಫ್ರೆಂಚ್ ಮೂಲದ ಸೊವಿನ್ಯೋಂ ಬ್ಲಾಂ ಬೆಳೆದು ಬಿಳಿ ವೈನ್ ತಯಾರಿಸುತ್ತದೆ. ಅದು ತನ್ನ ನೆಲವನ್ನು ಜಗತ್ತಿಗೆ ಪರಿಚಯಿಸುವುದು ‘ಹಂಪಿ ಹಿಲ್ಸ್’ ಎಂದು. ವ್ಯಾಪಾರಕ್ಕೆ ಸರಿಯೇ, ಅಮೆರಿಕದವನಿಗೂ ಹಂಪಿ ಗೊತ್ತು. ಆದರೆ ಬಳ್ಳಿ ನೆಡುವ ಮೊದಲು ಅಲ್ಲಿನ ರೈತರು ಆ ಹೊಲವನ್ನು ಏನೆಂದು ಕರೆಯುತ್ತಿದ್ದರು ಎಂಬುದೇ ನನಗೆ ಹೆಚ್ಚು ಮುಖ್ಯ.

ಹೋದ ವರ್ಷ ಕುರುಗೋಡಿನ ಹತ್ತಿರ ಶಾಸನದ ಜೆರಾಕ್ಸ್ ಪ್ರತಿ, ಗ್ರಾಮನಕಾಶೆ ಎರಡನ್ನೂ ಹಿಡಿದು ತಿರುಗುವಾಗ, ಹಿರಿಯರೊಬ್ಬರನ್ನು ಅವರ ಹೊಲದ ಸರ್ವೆ ನಂಬರ್ ಕೇಳಿದೆ. “ನಂಬರ್ ಬ್ಯಾಂಕ್‌ನೋರಿಗೆ ಬೇಕು ತಮ್ಮಾ. ನಮಗ ಇದು ದೊಡ್ಡೆರಿ. ಆ ಕಡಿದು ಹುಣಸಿಮರದ ಹೊಲ” ಅಂದರು. ಅಲ್ಲಿ ಹುಣಸೆಮರ ಇರಲಿಲ್ಲ. ಯಾವಾಗ ಹೋಯಿತು ಅಂದರೆ, ತಮ್ಮ ತಂದೆ ಸಹ ನೋಡಿಲ್ಲ ಅಂದರು.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಸರ್ವೆ ನಂಬರಿನ ಪಕ್ಕ ಇನ್ನೊಂದು ಅಂಕಣವಿದೆ. ಸಿರುಗುಪ್ಪದ ನೀರಾವರಿ ಹಳ್ಳಿಗಳಲ್ಲಿ ಅದನ್ನು ತುಂಬುವುದು ಕಷ್ಟ, ಅಲ್ಲಿ ಹೊಲಗಳನ್ನು ಕಾಲುವೆಯ ತೂಬಿನ ನಂಬರಿನಿಂದಲೇ ಗುರುತಿಸುತ್ತಾರೆ. ಕುರುಗೋಡಿನ ಮಳೆಯಾಶ್ರಿತ ಎರೆಹೊಲಗಳಲ್ಲಿ ಇನ್ನೂ ಹೆಸರು ಸಿಗುತ್ತವೆ, ಎಪ್ಪತ್ತು ದಾಟಿದವರನ್ನು ಕೇಳಿದರೆ.